ಮಧ್ಯಾಹ್ನದ ಮಾತ್ರೆಗೆ ಒಂದು ದನಿ

ಓಮದ ನೀರಿನ ವಾಸನೆ ಎಂದರೆ ಹೇಮಾವತಿಗೆ ಈಗಲೂ ನೆನಪಾಗುವುದು ಮರಿಯಮ್ಮ ಟೀಚರ ಕಬ್ಬಿಣದ ಬೀರು. ಎರಡನೇ ಕ್ಲಾಸಿನ ಮೂಲೆಯಲ್ಲಿದ್ದ ಆ ಬೀರುವಿನ ಬಾಗಿಲು ಕಿರ್ರೆಂದು ತೆರೆದರೆ ಸಾಕು, ಓಮ, ನೀಲಗಿರಿ ಎಣ್ಣೆ, ಸೀಮೆಸುಣ್ಣದ ಪುಡಿ, ಯಾವ ಕಾಲದ್ದೋ ಟಿಂಚರು ಎಲ್ಲವೂ ಕೂಡಿದ ಒಂದು ಗಾಳಿ ತರಗತಿಯ ತುಂಬ ಹರಡುತ್ತಿತ್ತು. ಹೊಟ್ಟೆನೋವೆಂದು ಸುಳ್ಳು ಹೇಳಿದ ಮಕ್ಕಳಿಗೂ ಆ ಗಾಳಿ ಕುಡಿದೇ ವಾಸಿಯಾಗುತ್ತಿತ್ತು. ಟೀಚರಿಗೆ ಗೊತ್ತಿದ್ದ ಮದ್ದು ಎರಡೇ. ಹೊಟ್ಟೆಗಾದರೆ ಒಂದು ಚಮಚ ಓಮದ ನೀರು. ಉಳಿದದ್ದಕ್ಕೆಲ್ಲ ಹಣೆಯ ಮೇಲೆ ಕೈ.

ಹೇಮಾವತಿಗೆ ಈಗ ಅರವತ್ತು ದಾಟಿದೆ. ಈಗಿನ ಶಾಲೆಗಳಲ್ಲಿ ಅಂಥ ಬೀರು ಇಲ್ಲ, ಇರುವ ಹಾಗೂ ಇಲ್ಲ. ಕೆಲವು ವರ್ಷಗಳ ಕೆಳಗೆ ಯಾವುದೋ ಊರಿನ ಶಾಲೆಯಲ್ಲಿ ಒಬ್ಬ ಟೀಚರು ಒಂದು ಮಗುವಿನ ಮಾತ್ರೆಯನ್ನು ಅದೇ ಹೆಸರಿನ ಇನ್ನೊಂದು ಮಗುವಿಗೆ ಕೊಟ್ಟುಬಿಟ್ಟರು. ಆ ಮಗು ಮತ್ತೆ ಏಳಲಿಲ್ಲ. ಆ ಟೀಚರೂ ಮತ್ತೆ ಮನೆಯಿಂದ ಹೊರಗೆ ಬರಲಿಲ್ಲವಂತೆ. ಅದಾದ ಮೇಲೆ ಬಂದ ನಿಯಮ ಒಂದೇ ಸಾಲಿನದು: ಶಾಲೆಯ ಹೊತ್ತಿನಲ್ಲಿ ಮಗುವಿಗೆ ಯಾವ ಮನುಷ್ಯನ ಕೈಯೂ ಮದ್ದು ಕೊಡಬಾರದು.

ಕೈಯ ಬದಲಿಗೆ ಬಂದದ್ದು ಮದ್ದಿನ ಪೆಟ್ಟಿಗೆ. ಶಾಲೆಗೊಂದು. ಗೋಡೆಗೆ ಕೂರಿಸಿದ ಬಿಳಿಯ ಕಪಾಟು, ಅದರಲ್ಲಿ ಮಗುವಿಗೊಂದು ಖಾನೆ. ಮಧ್ಯಾಹ್ನ ಊಟಕ್ಕೆ ಮುಂಚೆ ಮಗು ಅದರ ಎದುರು ನಿಂತರೆ, ಊರಿನಲ್ಲಿರುವ ಪಾಲಕರ ಫೋನು ಬಡಿದುಕೊಳ್ಳುತ್ತದೆ. ಪಾಲಕರು ಮಗುವಿನ ಹೆಸರು ಹೇಳಿ ‘ಕೊಡಿ’ ಎನ್ನಬೇಕು. ದನಿ ಅವರದೇ ಎಂದು ಖಾತ್ರಿಯಾದರೆ ಖಾನೆ ತೆರೆಯುತ್ತದೆ. ವರ್ಷಕ್ಕೊಂದು ಸಹಿ ಏಕೆ ಸಾಲದು ಎಂದು ಮೊದಮೊದಲು ಜನ ಗೊಣಗಿದರು. ನಿನ್ನೆ ಸಂಜೆ ಡಾಕ್ಟರು ಮಾತ್ರೆ ಬದಲಾಯಿಸಿರಬಹುದು, ಬೆಳಿಗ್ಗೆ ಮಗು ವಾಂತಿ ಮಾಡಿರಬಹುದು, ಅದು ಗೊತ್ತಿರುವುದು ಮನೆಯವರಿಗೆ ಮಾತ್ರ ಎಂದು ಸರ್ಕಾರ ಹೇಳಿತು. ಮಾತಿನಲ್ಲಿ ತಪ್ಪಿರಲಿಲ್ಲ. ಪ್ರತಿ ಮಾತ್ರೆಯೊಳಗೂ ಎಳ್ಳಿನ ಕಾಳಿಗಿಂತ ಸಣ್ಣದೊಂದು ಚುಕ್ಕೆ ಇರುತ್ತದೆ. ಹೊಟ್ಟೆಯ ರಸ ತಾಗಿದಾಗ ಅದು ಮಗುವಿನ ಮಣಿಕಟ್ಟಿನ ಬ್ಯಾಂಡಿಗೆ ಒಂದು ಸಣ್ಣ ಮಿಡಿತ ಕಳಿಸಿ ಕರಗಿಹೋಗುತ್ತದೆ. ಅಲ್ಲಿಗೆ ಮದ್ದು ಒಳಗೆ ಹೋಯಿತು ಎಂದು ಲೆಕ್ಕ.

ಇಷ್ಟಾದರೂ ಯಂತ್ರವನ್ನೇ ಪೂರ್ತಿ ನಂಬಲು ಯಾರಿಗೂ ಧೈರ್ಯ ಬರಲಿಲ್ಲ. ಒಬ್ಬ ಮನುಷ್ಯ ನೋಡಬೇಕು, ದೂರದಿಂದ. ಅಂಥವರಿಗೆ ಇಟ್ಟ ಹೆಸರು ‘ಸಾಕ್ಷಿ’. ಮಕ್ಕಳ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದ ಹೇಮಾವತಿ ತುಮಕೂರಿನ ಸಾಕ್ಷಿ ಕೊಠಡಿಗೆ ಸೇರಿದ್ದು ಹಾಗೆ. ಅವಳ ಪಾಲಿಗೆ ಶಿರಾ ಕಡೆಯ ಹಳ್ಳಿ ಶಾಲೆಗಳು. ಪರದೆಯಲ್ಲಿ ಒಂದಾದ ಮೇಲೊಂದು ಮಗು ಬಂದು ಮಾತ್ರೆ ನುಂಗಿ, ನೀರು ಕುಡಿದು, ಬಾಯಿ ಆ ಎಂದು ತೆರೆದು ತೋರಿಸುತ್ತದೆ. ಅವಳು ಹಸಿರು ಗುಂಡಿ ಒತ್ತುತ್ತಾಳೆ; ತಪ್ಪೇನಾದರೂ ಕಂಡರೆ ಕೆಂಪು. ಪಾಲಕರ ದನಿ ಅವಳಿಗೆ ಕೇಳುತ್ತದೆ; ಅವಳ ದನಿ ಯಾರಿಗೂ ಕೇಳುವುದಿಲ್ಲ. ಸಾಕ್ಷಿ ಮಾತಾಡಕೂಡದು.

ಮಕ್ಕಳ ಮುಖಕ್ಕಿಂತ ಹೆಚ್ಚಾಗಿ ಅವಳಿಗೆ ಅವರ ಬಾಯಿಗಳ ಪರಿಚಯ. ಯಾರಿಗೆ ಹಾಲು ಹಲ್ಲು ಅಲ್ಲಾಡುತ್ತಿದೆ, ಯಾರ ದವಡೆಯಲ್ಲಿ ಹುಳುಕು ಶುರುವಾಗಿದೆ, ಯಾರು ನೇರಳೆಹಣ್ಣು ತಿಂದು ಬಂದಿದ್ದಾರೆ, ಎಲ್ಲ ಗೊತ್ತು. ಅವರಿಗೆ ಅವಳು ಪೆಟ್ಟಿಗೆಯ ಮೇಲಿನ ಒಂದು ಗಾಜಿನ ಕಣ್ಣು.

ಸಂಜೆ ಮನೆಗೆ ಬಂದರೆ ಮಹಡಿಯ ಮೇಲಿನ ಎರಡು ಕೋಣೆ. ಮದುವೆಯಾಗಲಿಲ್ಲ, ಆಸ್ಪತ್ರೆಯ ಪಾಳಿಗಳ ನಡುವೆ ಆ ಮಾತು ಬಂದು ಹಾಗೆಯೇ ಹೋಯಿತು. ಕೆಳಗಿನ ಮನೆಯ ಕುಕ್ಕರಿನ ಸೀಟಿ ಕೇಳಿದಾಗ ತಾನೂ ಒಂದು ಹಿಡಿ ಅಕ್ಕಿ ತೊಳೆದಿಡುವಳು. ಊಟವಾದ ಮೇಲೆ ಬಿ.ಪಿ. ಮಾತ್ರೆ ನುಂಗಿ, ಅಭ್ಯಾಸಬಲದಿಂದ ಕನ್ನಡಿಯ ಎದುರು ಬಾಯಿ ತೆರೆದು ತೋರಿಸುವಳು. ಮೊದಲ ಸಲ ಹಾಗೆ ಮಾಡಿದಾಗ ಅವಳಿಗೆ ನಗು ಬಂದಿತ್ತು. ಆಮೇಲೆ ನಗು ಬರುವುದು ನಿಂತಿತು, ಅಭ್ಯಾಸ ನಿಲ್ಲಲಿಲ್ಲ.

ಇಡೀ ದಿನದಲ್ಲಿ ಅವಳಿಗೆಂದೇ ಬರುತ್ತಿದ್ದ ಮಾತು ಒಂದಿತ್ತು. ಬಿದರೆಕೆರೆಯ ಶಾಲೆಯಲ್ಲಿ ಅಮೂಲ್ಯ ಎಂಬ ಹುಡುಗಿಗೆ ಫಿಟ್ಸ್ ಕಾಯಿಲೆ, ದಿನಕ್ಕೆ ಮೂರು ಹೊತ್ತು ಮಾತ್ರೆ, ಮಧ್ಯಾಹ್ನದ್ದು ಶಾಲೆಯಲ್ಲಿ. ಮನೆಯಲ್ಲಿ ಬೇರೆ ದೊಡ್ಡವರಿಲ್ಲದ್ದರಿಂದ ಅವಳಿಗೆ ದನಿ ಕೊಡುತ್ತಿದ್ದದ್ದು ಅಜ್ಜಿ ಹನುಮಕ್ಕ. ಬೇರೆಯವರೆಲ್ಲ ಹೆಸರು ಹೇಳಿ ‘ಕೊಡಿ’ ಎಂದು ಫೋನಿಟ್ಟರೆ ಈ ಅಜ್ಜಿ, “ಅಮೂಲ್ಯ. ಕೊಡ್ರವ್ವ. ಯಾರೋ ಏನೋ, ನೋಡ್ಕೊಂತಿದ್ದೀರ, ತಣ್ಣಗಿರ್ರವ್ವ,” ಎನ್ನುತ್ತಿದ್ದಳು. ಆ ಕಡೆ ಒಬ್ಬಳು ಕೂತಿದ್ದಾಳೆಂದು ಅವಳಿಗೆ ಯಾರು ಹೇಳಿದ್ದರೋ. ಹೇಮಾವತಿ ಗುಂಡಿ ಒತ್ತುತ್ತ ತುಟಿಯೊಳಗೇ “ಆಗಲಮ್ಮ” ಎನ್ನುತ್ತಿದ್ದಳು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಆ ದನಿ ಬರಲಿಲ್ಲ. ಫೋನು ಬಡಿದುಕೊಂಡಿತು, ಯಾರೋ ಎತ್ತಿಕೊಂಡರು, ಉಸಿರು ಕೇಳಿಸಿತು, ಮಾತಿಲ್ಲ. ಪೆಟ್ಟಿಗೆ ತನ್ನ ಸಕ್ಕರೆಯಂಥ ಕಂಠದಲ್ಲಿ ಹೇಳಿತು: “ಪಾಲಕರ ದನಿ ಬಂದಿಲ್ಲ. ದಯವಿಟ್ಟು ತರಗತಿಗೆ ಹೋಗಿ.”

“ಆಯ್ತು ಮಿಸ್,” ಎಂದು ಅಮೂಲ್ಯ ಪೆಟ್ಟಿಗೆಗೆ ಹೇಳಿ ಹೊರಟುಹೋದಳು. ಬಾಗಿಲ ಬಳಿ ನಿಂತಿದ್ದ ಟೀಚರು ನಿಯಮದಂತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಇದ್ದರು.

ಮರುದಿನವೂ ಹಾಗೆಯೇ. ಅದರ ಮರುದಿನವೂ. ಉಸಿರು, ಮೌನ, ಪೆಟ್ಟಿಗೆಯ ಮಾತು, “ಆಯ್ತು ಮಿಸ್.” ಹೇಮಾವತಿ ನಿಯಮದ ಪ್ರಕಾರ ಮೇಲಿನವರಿಗೆ ತಿಳಿಸಿದಳು. ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು. ಒಂದು ದಿನ ಹುಡುಗಿಯ ಕೆಳತುಟಿಗೆ ಹೊಲಿಗೆ ಬಿದ್ದಿತ್ತು. ಮಧ್ಯಾಹ್ನದ ಮೇಲೆ ನಲ್ಲಿಯ ಕಟ್ಟೆಯ ಹತ್ತಿರ ಬಿದ್ದಿದ್ದಳಂತೆ.

ವಿಚಿತ್ರವಾದದ್ದು ಶುರುವಾಗಿದ್ದು ಆಮೇಲೆ. ಅದೇ ಕ್ಲಾಸಿನ ಮುಬೀನಾಗೂ ಅದೇ ಕಾಯಿಲೆ, ಅದೇ ಡಾಕ್ಟರು, ಅದೇ ಮಾತ್ರೆ. ಅವಳ ಅಮ್ಮ ದಿನಾ ತಪ್ಪದೆ ದನಿ ಕೊಡುತ್ತಿದ್ದಳು. ಮುಬೀನಾ ಮಾತ್ರೆ ತೆಗೆದುಕೊಂಡು ಬಾಯಿ ತೋರಿಸಿ ಹೋಗುತ್ತಿದ್ದಳು. ಆದರೆ ಅವಳ ಬ್ಯಾಂಡಿಗೆ ಮಿಡಿತ ಒಂದು ದಿನ ಬಂದರೆ ಇನ್ನೊಂದು ದಿನ ಇಲ್ಲ.

ಶುಕ್ರವಾರ ಹೇಮಾವತಿ ಮೇಲ್ವಿಚಾರಕ ಯೋಗಾನಂದನನ್ನು ಕರೆದಳು. ಅವಳಿಗಿಂತ ತುಂಬ ಚಿಕ್ಕವನು. ಅವಳನ್ನು ಅಕ್ಕ ಎಂದು ಕರೆಯುತ್ತಿದ್ದ, ತಾನು ಚಹಾ ತರಿಸಿಕೊಂಡಾಗೆಲ್ಲ ಅವಳ ಮೇಜಿಗೂ ಒಂದು ಲೋಟ ಹೇಳದೆ ಇಟ್ಟು ಹೋಗುತ್ತಿದ್ದ.

“ಬ್ಯಾಂಡ್ ಸಡಿಲ ಇರ್ಬೇಕು ಬಿಡಿ ಹೇಮಕ್ಕ. ಆ ಹುಡುಗಿ ಕೈ ನೋಡಿ, ನುಗ್ಗೇಕಾಯಿ ಇದ್ದಂಗಿದೆ.”

“ಕೈ ಬಿಡು. ಬಟ್ಟೆ ನೋಡು.” ಅವಳು ಚಿತ್ರವನ್ನು ಹಿಂದಕ್ಕೆ ಓಡಿಸಿದಳು. ಮುಬೀನಾ ಮಾತ್ರೆ ಕೈಗೆ ತೆಗೆದುಕೊಂಡು, ಸಮವಸ್ತ್ರದ ಅಂಚನ್ನು ಎತ್ತಿ ಬಾಯಿಗೆ ತಂದಳು. ಆಮೇಲೆ ನೀರು, ಆಮೇಲೆ ‘ಆ’.

“ಬಾಯಿ ಒರೆಸ್ಕೊಂಡ್ಳು.”

“ನಿನ್ನ ತಲೆ. ಬಾಯಿ ಒರೆಸ್ಕೊಳ್ಳೋರು ಕಟುಂ ಅಂತ ಕಚ್ತಾರೇನೋ? ದವಡೆ ನೋಡು. ಕಾಗೆ ಎಂಜಲು ಮಾಡ್ತಿದ್ದಾಳೆ.”

ಯೋಗಾನಂದ ಕುರ್ಚಿ ಎಳೆದುಕೊಂಡು ಕೂತ. ಅವನೂ ಆ ಸೀಮೆಯಲ್ಲೇ ಬೆಳೆದವನು. ಇರುವ ಒಂದೇ ಪೆಪ್ಪರಮಿಂಟನ್ನು ಅಂಗಿಯ ತುದಿಯಲ್ಲಿ ಮುಚ್ಚಿ, ಬಟ್ಟೆಯ ಮೇಲಿಂದ ಕಚ್ಚಿ ಎರಡು ಮಾಡಿದರೆ ಎಂಜಲಾಗುವುದಿಲ್ಲ ಎಂಬುದು ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ ಶಾಸ್ತ್ರ. ಅರ್ಧ ತನಗೆ, ಅರ್ಧ ಗೆಳತಿಗೆ.

“ಇನ್ನೊಬ್ಬ ಹುಡುಗಿ ಬ್ಯಾಂಡ್ ತೆಗಿ. ಅಮೂಲ್ಯ,” ಎಂದಳು ಹೇಮಾವತಿ.

ಅವಳಿಗೆ ಮಾತ್ರೆ ಹೋಗುತ್ತಿಲ್ಲವಾದ್ದರಿಂದ ಅವಳ ಬ್ಯಾಂಡಿನ ಕಡೆ ಯಂತ್ರ ಕಿವಿಗೊಟ್ಟಿರಲಿಲ್ಲ. ಕಿವಿಗೊಟ್ಟಾಗ ಎಲ್ಲವೂ ಸಿಕ್ಕಿತು. ಮುಬೀನಾಗೆ ಮಿಡಿತ ಬಾರದ ದಿನಗಳಲ್ಲೆಲ್ಲ ಅಮೂಲ್ಯಳ ಮಣಿಕಟ್ಟಿನಲ್ಲಿ ಮಿಡಿದಿತ್ತು. ಮಾತ್ರೆ ಮುರಿದಾಗ ಚುಕ್ಕೆ ಯಾವ ತುಂಡಿನಲ್ಲಿ ಉಳಿಯುತ್ತದೋ ಅದನ್ನು ನುಂಗಿದವಳಿಗೆ ಆ ದಿನದ ಮಿಡಿತ.

“ಅಯ್ಯೋ ದೇವ್ರೆ,” ಎಂದ ಯೋಗಾನಂದ ಮೆಲ್ಲಗೆ. “ಅಕ್ಕ, ಇದು ಕೆಂಪು ಗುಂಡಿ ಕೇಸು. ನೀವು ಒತ್ತಿದ್ರೆ ಮುಬೀನಾ ಖಾನೆಗೂ ಬೀಗ ಬೀಳುತ್ತೆ, ವಿಚಾರಣೆ ಮುಗಿಯೋವರೆಗೂ.”

“ಇಬ್ರಿಗೂ ಇಲ್ಲದ ಹಾಗೆ.”

“ಒತ್ತದೆ ಬಿಟ್ರೆ ಇಬ್ರಿಗೂ ಅರ್ಧರ್ಧ. ಅದೂ ಸಾಲಲ್ಲ. ನರ್ಸು ನೀವು, ನಿಮಗೆ ನಾನೇನು ಹೇಳ್ಲಿ.”

ಅವಳಿಗೆ ಹೇಳಬೇಕಾಗಿರಲಿಲ್ಲ. ಅರ್ಧ ಮಾತ್ರೆಯ ಮೇಲೆ ನಿಂತ ಮಗು ಮೆಟ್ಟಿಲ ಮೇಲೆ ಬೀಳಬಹುದು, ಕೆರೆಯ ಏರಿಯ ಮೇಲೆ ಬೀಳಬಹುದು. ಇಷ್ಟು ದಿನ ಒಂದು ಮಗುವಿಗಿದ್ದ ಅಪಾಯ ಈಗ ಇಬ್ಬರಿಗೆ.

ಯೋಗಾನಂದ ಕಿಟಕಿಯ ಕಡೆ ನೋಡುತ್ತ ಹೇಳಿದ: “ನಾಳೆ ಶನಿವಾರ, ಬೆಳಗಿನ ಶಾಲೆ. ಮಧ್ಯಾಹ್ನದ ಮದ್ದು ಮನೇಲೇ. ನಾಡಿದ್ದು ಭಾನುವಾರ. ಬ್ಯಾಂಡ್ ಪರೀಕ್ಷೆ ಮಾಡದೆ ಕೆಂಪು ಗುಂಡಿ ಒತ್ತಬಾರದು ಅಂತಾನೂ ನಿಯಮ ಇದೆ. ಪರೀಕ್ಷೆಗೆ ನನಗೆ ಸೋಮವಾರದವರೆಗೆ ಬೇಕು.” ಚಹಾ ಲೋಟ ಎತ್ತಿಕೊಂಡು ಎದ್ದುಹೋದ. ಅದು ತಣ್ಣಗಾಗಿತ್ತು.

ಶನಿವಾರ ಹೇಮಾವತಿ ಶಿರಾಕ್ಕೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಬಿದರೆಕೆರೆಯಲ್ಲಿ ಇಳಿದಳು. ಶೇಂಗಾ ಹೊಲಗಳ ನಡುವಿನ ಸಣ್ಣ ಊರು. ಬೀದಿಯಲ್ಲಿ ದೊಡ್ಡವರು ಯಾರೂ ಇರಲಿಲ್ಲ. ಗಾರ್ಮೆಂಟ್ಸ್ ಬಸ್ಸು ಬೆಳಕು ಹರಿಯುವ ಮೊದಲೇ ಬಂದು ಮುಕ್ಕಾಲು ಊರನ್ನು ತುಂಬಿಕೊಂಡು ಹೋಗುತ್ತದೆ. ಒಂದು ಹುಣಸೆ ಮರದ ಕೆಳಗೆ ಇಬ್ಬರು ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಒಬ್ಬಳು ಕುಂಟುತ್ತಿದ್ದಾಗ ಇನ್ನೊಬ್ಬಳು ಅವಳ ಪಕ್ಕದಲ್ಲೇ ಎರಡೂ ಕೈ ಚಾಚಿಕೊಂಡು ನಡೆಯುತ್ತಿದ್ದಳು, ಬಿದ್ದರೆ ಹಿಡಿಯಲು.

“ಯಾರು ಬೇಕಿತ್ತು?” ಎಂದಳು ಕೈ ಚಾಚಿದ್ದವಳು. ಬಾಯಿ ತೆರೆದಾಗ ಮುಂದಿನ ಹಲ್ಲಿನ ಮೂಲೆ ಚೂರು ಮುರಿದದ್ದು ಕಂಡಿತು.

“ನೀನು ಮುಬೀನಾ ಅಲ್ವಾ?”

“ನಿಮಗೆ ಹೆಂಗೊತ್ತು?”

“ಹಲ್ಲು ನೋಡಿ.”

ಮುಬೀನಾ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳುಗಳ ಸಂದಿನಿಂದ ಕೇಳಿದಳು: “ನೀವು ಪೆಟ್ಟಿಗೆಯೋರಾ?”

“ಹೂಂ.”

ಅಮೂಲ್ಯ ಕುಂಟುವುದನ್ನು ನಿಲ್ಲಿಸಿ ಒಂಟಿಕಾಲಿನಲ್ಲೇ ನಿಂತಳು. ಹೇಮಾವತಿ ಮರದ ಬೇರಿನ ಮೇಲೆ ಕೂತು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡಳು. 

“ಮಾತ್ರೆ ಹಂಚಬಾರದು ಕಣಮ್ಮ.”

“ನಾನೇನು ಎಂಜಲು ಕೊಟ್ಟಿಲ್ಲ,” ಎಂದಳು ಮುಬೀನಾ. “ಎಂಜಲು ತಿಂದ್ರೆ ಕಾಯಿಲೆ ಬರುತ್ತೆ ಅಂತ ಮಿಸ್ಸು ಹೇಳವ್ರೆ. ಒಗೆದಿರೋ ಅಂಚಲ್ಲೇ ಕಚ್ಚಿದ್ದು. ಬೇಕಿದ್ರೆ ಇವಳ್ನೇ ಕೇಳಿ.”

“ಒಗೆದಿತ್ತು,” ಎಂದಳು ಅಮೂಲ್ಯ.

“ಅರ್ಧ ತಗೊಂಡ್ರೆ ನಿನಗೂ ಫಿಟ್ಸ್ ಬರಲ್ವೇನೆ?”

“ಬಂದ್ರೆ ಇಬ್ರಿಗೂ ಅರ್ಧರ್ಧ ಬರ್ಲಿ. ಇವಳಿಗೇ ಪೂರ್ತಿ ಯಾಕೆ?”

 ಆಸ್ಪತ್ರೆಯಲ್ಲಿ ಅಷ್ಟು ವರ್ಷ ದುಡಿದರೂ ಯಾರೂ ಹೇಮಾವತಿಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. “ಅದು ಹಾಗೆ ಅರ್ಧ ಆಗಲ್ಲಮ್ಮ,” ಎಂದಳು. “ಬಂದ್ರೆ ಇಬ್ರಿಗೂ ಪೂರ್ತಿಯಾಗೇ ಬರುತ್ತೆ. ಅಜ್ಜಿ ಎಲ್ಲಿ?”

ಹನುಮಕ್ಕ ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಬಲಗೈ ಮಡಿಲಲ್ಲಿ ಬಿದ್ದುಕೊಂಡಿತ್ತು. ಬಾಯಿಯ ಒಂದು ಮೂಲೆ ಕೆಳಗೆ ಜಾರಿತ್ತು. ಬೇಸಿಗೆಯಲ್ಲಿ ಲಕ್ವ ಹೊಡೆಯಿತು ಎಂದು ಅಮೂಲ್ಯ ಹೇಳಿದಳು. ನಡೆಯುತ್ತಾಳೆ, ಎಲ್ಲಾ ತಿಳಿಯುತ್ತದೆ, ಮಾತು ಮಾತ್ರ ಬರುವುದಿಲ್ಲ. ಬೆಳಿಗ್ಗೆ, ರಾತ್ರಿಯ ಮಾತ್ರೆಯನ್ನು ಅಜ್ಜಿಯೇ ಎಣಿಸಿ ಕೊಡುತ್ತಾಳೆ. ಮಧ್ಯಾಹ್ನ ಫೋನು ಬಡಿದಾಗಲೂ ಎತ್ತಿಕೊಳ್ಳುತ್ತಾಳೆ. ಆಮೇಲೆ ತುಂಬಾ ಹೊತ್ತು ಅದನ್ನೇ ನೋಡುತ್ತ ಕೂರುತ್ತಾಳೆ. ಶಾಲೆಗೆ ಮಾತ್ರೆ ಒಯ್ದರೆ ಗೇಟಿನ ಯಂತ್ರ ಕೂಗಿಕೊಳ್ಳುತ್ತದೆ. ಅದನ್ನೂ ಅಮೂಲ್ಯ ಒಮ್ಮೆ ಮಾಡಿ ನೋಡಿದ್ದಾಳೆ.

ಹೇಮಾವತಿ ಹನುಮಕ್ಕನ ಪಕ್ಕದಲ್ಲಿ ಕೂತಳು. “ಅಮ್ಮಾ, ‘ತಣ್ಣಗಿರ್ರವ್ವ’ ಅಂತ ದಿನಾ ಹೇಳ್ತಿದ್ರಲ್ಲ. ಕೇಳ್ತಿದ್ದೋಳು ನಾನು.”

ಹನುಮಕ್ಕ ಶೇಂಗಾ ಕೆಳಗಿಟ್ಟಳು. ತುಂಬ ಹೊತ್ತು ಅವಳ ಮುಖವನ್ನೇ ನೋಡಿದಳು. ಆಮೇಲೆ ತನ್ನ ಸೆರಗಿನಿಂದ ಹೇಮಾವತಿಯ ಪಾದದ ಮೇಲಿದ್ದ ದಾರಿಯ ಧೂಳನ್ನು ಒರೆಸಲು ಬಗ್ಗಿದಳು. ಹೇಮಾವತಿ ಗಾಬರಿಯಿಂದ ಕಾಲು ಹಿಂದಕ್ಕೆಳೆದುಕೊಂಡು ಆ ಕೈಯನ್ನು ಹಿಡಿದುಕೊಂಡಳು. ಯಾರದಾದರೂ ಕೈ ಹಿಡಿದು ಎಷ್ಟು ಕಾಲವಾಗಿತ್ತೋ ಅವಳಿಗೇ ನೆನಪಿರಲಿಲ್ಲ.

ಜಗಲಿಯಿಂದಲೇ ಅವಳು ಯೋಗಾನಂದನಿಗೆ ಫೋನು ಮಾಡಿದಳು. ಪಾಲಕರು ತಮ್ಮ ಬದಲು ದನಿ ಕೊಡುವವರನ್ನು ನೇಮಿಸಬಹುದೇ?

“ನೇಮಿಸಬಹುದು. ಹೆಬ್ಬೆಟ್ಟು ಸಾಕು. ಆದ್ರೆ ಅಕ್ಕ, ದನಿ ಕೊಡೋರು ಆವತ್ತು ಬೆಳಿಗ್ಗೆ ಮಗೂನ ಕಣ್ಣಾರೆ ನೋಡಿರ್ಬೇಕು. ಹಾಗಂದ್ರೆ ಊರಲ್ಲೇ ಇರ್ಬೇಕು.”

“ಮುಬೀನಾ ಅಮ್ಮ?”

“ಒಂದು ದನಿಗೆ ಒಂದೇ ಮನೆ. ಒಬ್ಬ ಪುಣ್ಯಾತ್ಮ ಇಡೀ ಹಾಸ್ಟೆಲಿಗೆ ಮಲಗಿದ್ದಲ್ಲಿಂದಲೇ ‘ಕೊಡಿ’ ಅಂತಿದ್ನಲ್ಲ, ಅವನ ಕೃಪೆ. ಅಕ್ಕಪಕ್ಕದೋರು ಯಾರಾದ್ರೂ?”

ಅಮೂಲ್ಯ ತಲೆಯಾಡಿಸಿದಳು. ಎಲ್ಲರನ್ನೂ ಕೇಳಿ ಆಗಿತ್ತಂತೆ. ಕೆಲವರು ಮಗು ಏಳುವ ಮೊದಲೇ ಬಸ್ಸು ಹತ್ತುವವರು. ಉಳಿದವರಿಗೆ ಭಯ, ಕೊಡಿ ಎಂದ ಮೇಲೆ ಏನಾದರೂ ಆದರೆ ಪೊಲೀಸು ಬರುವುದು ಅಂದವರ ಮನೆಗೆ.

ಹೇಮಾವತಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. “ನಾನಾದ್ರೆ?”

 ಅವನು ಮೇಲಧಿಕಾರಿಯ ದನಿಯಲ್ಲಲ್ಲ, ತಮ್ಮನ ದನಿಯಲ್ಲಿ ಹೇಳಿದ: “ಸಾಕ್ಷಿ ಆದೋರು ದನಿ ಆಗೋ ಹಾಗಿಲ್ಲ ಅಕ್ಕ. ನೀವು ದನಿ ಕೊಟ್ಟ ಕ್ಷಣ ಈ ಕೋಣೆ ಬಾಗಿಲು ನಿಮಗೆ ತೆರೆಯಲ್ಲ. ಒಂದು ಶಾಲೆ ಅಂತಲ್ಲ, ಯಾವ ಶಾಲೇನೂ ನೋಡೋಕೆ ಆಗಲ್ಲ.”

ಅವಳ ಕಣ್ಣ ಮುಂದೆ ಸಾಲಾಗಿ ಬಾಯಿಗಳು ಬಂದವು. ಹುಳುಕು ಹಲ್ಲಿನವನು, ನೇರಳೆಹಣ್ಣಿನವಳು, ಮಾತ್ರೆ ನುಂಗಿದ ಮೇಲೆ ದಿನಾ ಗಾಜಿನ ಕಣ್ಣಿಗೆ ನಾಲಿಗೆ ಚಾಚಿ ಅಣಕಿಸುವ ತುಂಟಿ. ಅವಳ ದಿನಗಳೆಂದರೆ ಅವರೇ. ಯಾರಿಗೂ ವಿದಾಯ ಹೇಳಲು ಬರುವುದಿಲ್ಲ. ಅವಳು ಇದ್ದದ್ದೇ ಅವರಿಗೆ ಗೊತ್ತಿಲ್ಲ.

“ನನ್ನ ಜಾಗಕ್ಕೆ ಒಳ್ಳೆಯವರನ್ನ ಹಾಕು,” ಎಂದಳು. “ಆ ಹುಳುಕು ಹಲ್ಲಿನ ಹುಡುಗ ಬಲಗಡೆಗೆ ಮಾತ್ರೆ ಒತ್ತರಿಸ್ಕೊಂಡು ಆಮೇಲೆ ಉಗೀತಾನೆ. ಆ ದವಡೆ ಕಾಣೋವರೆಗೂ ಹಸಿರು ಒತ್ತಬಾರದು.”

“ಹೇಳ್ತೀನಿ.”

“ಸೋಮವಾರದಿಂದ ಮಾತ್ರೆ ಹಂಚಿಕೆ ಇರಲ್ಲ. ನಾನು ಹೊಣೆ.”

“ಹಾಗಾದ್ರೆ ಬ್ಯಾಂಡ್ ಸಡಿಲ ಇತ್ತು ಅಂತ ಬರ್ಕೊಳಲ್ಲ, ನಡೆದದ್ದನ್ನೇ ಬರ್ಕೋತೀನಿ. ವಿಚಾರಣೆ ನನ್ನ ಮೇಲೆ ನಡೀಲಿ, ಮಕ್ಕಳ ಖಾನೆಗೆ ಬೀಗ ಬೇಡ. ಮೇಲಿನವರ ಹತ್ರ ನಾನು ಮಾತಾಡ್ತೀನಿ.” ಫೋನಿಡುವ ಮೊದಲು, “ಇಲ್ಲಿ ಚಹಾ ಇನ್ಮೇಲೆ ಒಂದೇ ಲೋಟ ಹೇಳ್ಬೇಕು ಅನ್ನಿ,” ಎಂದ.

ಹನುಮಕ್ಕ ಎಡಗೈ ಹೆಬ್ಬೆರಳನ್ನು ಫೋನಿನ ಗಾಜಿಗೆ ಒತ್ತಿದಳು. ತನ್ನ ದನಿಯ ಗುರುತು ಹತ್ತಲೆಂದು ಹೇಮಾವತಿ ಅದು ಹೇಳಿಕೊಟ್ಟ ಮಾತುಗಳನ್ನು ಮೂರು ಸಲ ಹೇಳಿದಳು. ಅಷ್ಟು ಕಾಲ ಮಾತಾಡದೆ ಕೂತ ಕೆಲಸದಿಂದಲೋ ಏನೋ, ತನ್ನ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. ಫೋನು ಒಪ್ಪಿಕೊಂಡಿತು.

ಭಾನುವಾರ ತುಮಕೂರಿನ ಕೋಣೆಗೆ ಬೀಗ ಹಾಕಿ ಬರುವಾಗ ಕೆಳಗಿನ ಮನೆಯವರು, “ಎಷ್ಟು ದಿನಕ್ಕೆ ಹೊರಟ್ರಿ?” ಎಂದು ಕೇಳಿದರು. “ನೋಡ್ಬೇಕು,” ಎಂದಳು. ಅವರು ಇನ್ನೇನೂ ಕೇಳಲಿಲ್ಲ. ಅಷ್ಟು ವರ್ಷ ಇದ್ದ ಮನೆಯಿಂದ ಹೊರಡುವುದಕ್ಕೆ ಒಂದೇ ಚೀಲ ಸಾಕಾಯಿತು.

ಸೋಮವಾರ ಬೆಳಿಗ್ಗೆ ಅವಳು ಅಮೂಲ್ಯಳಿಗೆ ಜಡೆ ಹಾಕಿದಳು, ಕಣ್ಣು ನೋಡಿದಳು, ನಾಲಿಗೆ ನೋಡಿದಳು. ಮುಬೀನಾ ಬಂದು ಕಂಬಕ್ಕೊರಗಿ ಎಲ್ಲವನ್ನೂ ಸಂಶಯದಿಂದ ಗಮನಿಸಿದಳು.

“ಇವತ್ತು ಪೂರ್ತಿ ನಾನೇ ನುಂಗ್ಬೇಕಾ?”

“ಪೂರ್ತಿ ನೀನೇ. ಅವಳದು ಅವಳಿಗೆ.”

“ಪೆಟ್ಟಿಗೆ ಕೊಡದಿದ್ರೆ?”

“ಕೊಡುತ್ತೆ.”

“ಕೊಡದಿದ್ರೆ ಅಂದೆ.” ಉತ್ತರಕ್ಕೆ ಕಾಯದೆ ಅಮೂಲ್ಯಳ ಕೈ ಹಿಡಿದು ಎಳೆದುಕೊಂಡು ಹೋದಳು.

ಆಮೇಲೆ ಊರು ಖಾಲಿಯಾಯಿತು. ಹೇಮಾವತಿ ಜಗಲಿಯ ಮೇಲೆ ಕೂತಳು. ಒಳಗೆ ಹನುಮಕ್ಕ ಪಾತ್ರೆ ಸರಿಸುವ ಸದ್ದು. ಬಿಸಿಲು ಅಂಗಳ ದಾಟಿ ಹುಣಸೆ ಮರದ ಬುಡಕ್ಕೆ ಬಂತು. ಫೋನು ಬಡಿದುಕೊಂಡ ಕೂಡಲೇ ಎತ್ತಿಕೊಂಡಳು.

“ಮಗುವನ್ನು ಈ ಬೆಳಿಗ್ಗೆ ನೋಡಿದಿರಾ?” ಎಂದಿತು ಆ ಸಕ್ಕರೆಯ ಕಂಠ. ಅದು ಬೇರೆಯವರಿಗೆ ಹಾಗೆ ಹೇಳುವುದನ್ನು ಅಷ್ಟು ವರ್ಷ ಕೇಳಿದ್ದಳು.

“ನೋಡಿದೆ.”

“ಹೆಸರು ಹೇಳಿ.”

“ಅಮೂಲ್ಯ. ಕೊಡಿ.”

ಕರೆ ಕಡಿದುಹೋಯಿತು. ಅಷ್ಟೇ.

ಖಾನೆ ತೆರೆಯಿತೇ, ಹುಡುಗಿ ನುಂಗಿದಳೇ, ಬಾಯಿ ತೆರೆದು ತೋರಿಸಿದಳೇ, ಯಾವುದೂ ಇತ್ತ ಕಾಣುವುದಿಲ್ಲ. ಏನಾದರೂ ಕೆಟ್ಟರೆ ಮಾತ್ರ ಫೋನು ಮತ್ತೆ ಬರುತ್ತದೆ. ಎಲ್ಲ ಸರಿಯಾದರೆ ಯಾರೂ ಏನೂ ಹೇಳುವುದಿಲ್ಲ. ಆ ಪದ್ಧತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪಾಲಕರು ಇಷ್ಟು ಹೊತ್ತು ಹೀಗೆ ಫೋನು ನೋಡುತ್ತ ಕೂರುತ್ತಾರೆಂಬುದು ಗೊತ್ತಿರಲಿಲ್ಲ. ತುಮಕೂರಿನ ಕುರ್ಚಿಯಲ್ಲಿ ಈಗ ಬೇರೆ ಯಾರೋ ಕೂತಿದ್ದಾರೆ. ಅವರಿಗೆ ತನ್ನ ದನಿ ಕೇಳಿದೆ. ತನ್ನ ಮುಖ ಅವರಿಗೆ ಗೊತ್ತಿಲ್ಲ.

ಬೀದಿಯಲ್ಲಿ ಒಂದು ಕೋಳಿ ದಾಟಿಹೋಯಿತು. ಫೋನಿನ ಬೆಳಕು ಆರಿತು. ಅವಳು ಮುಟ್ಟಿ ಮತ್ತೆ ಬೆಳಗಿಸಿದಳು, ಮತ್ತೆ ಆರಿತು. ಕರೆ ಬರಲಿಲ್ಲ. ಊಟದ ಬೆಲ್ಲಿನ ಹೊತ್ತು ಮೀರಿ, ದೂರದಲ್ಲಿ ಮಕ್ಕಳು ಮತ್ತೆ ತರಗತಿಗೆ ಓಡುವ ಗದ್ದಲ ತೇಲಿ ಬಂದು ನಿಂತಿತು. ಆಗಲೂ ಕರೆ ಬರಲಿಲ್ಲ. ಅವಳು ಉಸಿರು ಬಿಟ್ಟಳು.

ಹನುಮಕ್ಕ ಹೊಸ್ತಿಲು ದಾಟಿ ಬಂದಳು. ಎಡಗೈಯಲ್ಲಿ ತಟ್ಟೆ, ಬಲಗೈಯ ಮಣಿಕಟ್ಟು ಅದರ ಅಂಚಿಗೆ ಆನಿಸಿತ್ತು. ಒಂದೇ ಕೈಯಲ್ಲಿ ಕಟ್ಟಿದ ಮುದ್ದೆ ಒಂದು ಕಡೆ ಉಬ್ಬಿ ಒಂದು ಕಡೆ ಸೊಟ್ಟಗಿತ್ತು. ಸುತ್ತ ಹುರುಳಿ ಸಾರು. ಸಾರು ತುಳುಕದಂತೆ ಹೆಜ್ಜೆ ಹೆಜ್ಜೆಗೂ ನಿಂತು ಬಂದಳು. ಹೇಮಾವತಿ ಏಳಹೋದಾಗ ಬೇಡವೆಂದು ತಲೆಯಾಡಿಸಿದಳು. ಫೋನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ತಟ್ಟೆಯನ್ನು ಅವಳ ಕೈಗೆ ಕೊಟ್ಟು, ತಾನೂ ಅಲ್ಲೇ ಕಂಬಕ್ಕೊರಗಿ ಕೂತಳು.